ಅಪ್ಪಿಯಕ್ಕನ ಹೊದಿಕೆ, ಗಿಡ್ಡ ಕುತ್ತಿಗೆಯ ಮೆಷಿನು

ಅತ್ತೆಯನ್ನು ಹೊಗಳುವ ಸೊಸೆಯನ್ನು ಯಾರೂ ನಂಬುವುದಿಲ್ಲ. ಒಂದೋ ಅತ್ತೆ ಸತ್ತಿರಬೇಕು, ಇಲ್ಲವೇ ಸೊಸೆಗೆ ಏನೋ ಬೇಕಾಗಿರಬೇಕು ಎನ್ನುತ್ತಾರೆ. ನನ್ನ ಅತ್ತೆ ತೀರಿಕೊಂಡು ವರ್ಷಗಳಾದವು, ನಿಜ. ಆದರೆ ಅವರು ಗಟ್ಟಿಮುಟ್ಟಾಗಿದ್ದಾಗಲೂ ನಾನು ಹೀಗೇ ಹೊಗಳುತ್ತಿದ್ದೆ, ಎದುರಿಗೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಮೊದಲೇ ತಮ್ಮ ಬಗ್ಗೆ ಅವರಿಗೆ ಏನೂ ಕಡಿಮೆ ಅಭಿಪ್ರಾಯ ಇರಲಿಲ್ಲ.

ಬಸ್ರೂರಿನ ಅಪ್ಪಿಯಕ್ಕ ಎಂದರೆ ಹೊಳೆಯ ಎರಡೂ ದಡದವರಿಗೆ ಗೊತ್ತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಅಂಚಿಗೆ ಹೊಲಿಗೆ ಓಡಿಸಿ ಅವರು ಹೊದಿಕೆ ಮಾಡುತ್ತಿದ್ದರು. ಘಟ್ಟದ ಮೇಲಿನವರು ಕೌದಿ ಎನ್ನುತ್ತಾರಲ್ಲ, ಅದೇ. ಕೇರಿಯ ಮಕ್ಕಳೆಲ್ಲ ಅದರ ಮೇಲೆ ಉಚ್ಚೆ ಹೊಯ್ದೇ ದೊಡ್ಡವರಾದದ್ದು. ಯಾರ ಮನೆಯಲ್ಲಿ ಬಸುರಿ ಇದ್ದರೂ ಅವರ ಹಳೆ ಸೀರೆಗಳು ಮೊದಲು ಬರುತ್ತಿದ್ದದ್ದು ನಮ್ಮ ಜಗಲಿಗೆ.

ಅತ್ತೆಗೊಂದು ಚಟ. ಕೈಗೆ ಬಂದ ಯಾವ ಸಾಮಾನಿಗೂ ಕುಂದು ಹೇಳದೆ ಬಿಟ್ಟವರಲ್ಲ. ಸೂಜಿಯ ಕಣ್ಣು ಕಿರಿದು, ಕತ್ತರಿಯ ಹಿಡಿ ಗಂಡಸರ ಕೈಗೆ ಮಾಡಿದ್ದು, ಬೆರಳಿಗೆ ಹಾಕುವ ಟೋಪಿ ಬೆವರಿಗೆ ಜಾರುವಂಥದ್ದು. ಸುಮ್ಮನೆ ಹೇಳಿ ಬಿಡುವವರೂ ಅಲ್ಲ. ಟೋಪಿಯನ್ನು ಆಚಾರಿಯ ಹತ್ತಿರ ಕೊಂಡುಹೋಗಿ, ತುದಿಗೆ ತೂತು ಹೊಡೆಸಿ, ಗಾಳಿಯಾಡುವ ಹಾಗೆ ಮಾಡಿಸಿಕೊಂಡು ಬಂದವರು. ಕುಣಿಯಲು ಬಾರದವಳಿಗೆ ನೆಲ ಡೊಂಕು ಎಂದು ನೆರೆಮನೆಯವರು ನಗುತ್ತಿದ್ದರು. ಅತ್ತೆಗೆ ಕುಣಿಯಲೂ ಬರುತ್ತಿತ್ತು, ನೆಲವೂ ನಿಜವಾಗಿ ಡೊಂಕಾಗಿರುತ್ತಿತ್ತು. ಅದು ನಗುವವರಿಗೆ ಕಾಣಬೇಕಲ್ಲ!

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ನಾನು ಬಸುರಿಯಾದೆ. ಅದೇ ವರ್ಷ ಅತ್ತೆಯ ಬೆರಳುಗಳ ಗೆಣ್ಣು ಬಾತು, ಸೂಜಿ ಹಿಡಿದರೆ ಬಿಡಲಾಗದು, ಬಿಟ್ಟರೆ ಹಿಡಿಯಲಾಗದು ಎನ್ನುವಂತಾಯಿತು. ಚೊಚ್ಚಲ ಬಾಣಂತನ ತವರಿನದು. ಆದರೆ ಮಗುವಿನ ಮೊದಲ ಹೊದಿಕೆ ಗಂಡನ ಮನೆಯಿಂದ ಹೋಗಬೇಕು ಎಂಬುದು ನಮ್ಮ ಮನೆಯ ರೂಢಿ. ಬಯಕೆಯ ಊಟಕ್ಕೆ ದಿನ ಗೊತ್ತುಮಾಡಲು ಕೆರಾಡಿಯಿಂದ ಬಂದ ನನ್ನ ಅಮ್ಮ ಸುಗುಣಾ, ಅತ್ತೆಯ ಬಾತ ಕೈ ನೋಡಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು.

"ಅಪ್ಪಿಯಕ್ಕ, ಕೈ ಹಿಂಗಿಪ್ಪತಿಗೆ ನಿಮ್ಗೆ ಎಂತಕ್ಕೆ ಕಷ್ಟ? ಹೊದ್ಕಿ ನಾನೇ ಹೊಲ್ಸ್ಕಂತೆ."

ಅತ್ತೆಯ ಮುಖ ಕೆಂಪಾಯಿತು. "ಊರ್ ಮಕ್ಕಳಿಗೆಲ್ಲ ಹೊಲ್ದ್ ಕೈ ಇದ್. ನನ್ ಮೊಮ್ಮಗು ಮತ್ತೊಬ್ರ್ ಹೊಲ್ದದ್ರ ಮೇಲೆ ಮಲ್ಕಂತಿಲ್ಲೆ" ಎಂದುಬಿಟ್ಟರು. ಅಮ್ಮ ಹೋದ ಮೇಲೆ ಅತ್ತೆ ತಮ್ಮ ಬೆರಳುಗಳನ್ನೇ ನೋಡುತ್ತ ಕೂತದ್ದನ್ನು ಕಂಡು ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಅವರು ಹೊರಟದ್ದು ಪ್ರೇಮಾನಂದನ ಅಂಗಡಿಗೆ. ಅವನು ಬೊಂಬಾಯಿಯಲ್ಲಿ ಹೊಲಿಗೆ ಕಲಿತು, ಕಾಲಿನಲ್ಲಿ ತುಳಿಯುವ ಮೆಷಿನು ತಂದು ಪೇಟೆಯಲ್ಲಿ ಕೂತವನು. ಜೊತೆಗೆ ಹೋದ ನಾನು ಬಾಗಿಲಲ್ಲೇ ನಿಂತೆ. ಅತ್ತೆ ಆರು ಪದರದ ತುಂಡೊಂದನ್ನು ಮೆಷಿನಿನ ಬಾಯಿಗೆ ತುರುಕಲು ನೋಡಿದರು. ಬಟ್ಟೆ ಒತ್ತಿ ಹಿಡಿಯುವ ಪಾದದ ಅಡಿಗೆ ಅದು ಹೋಗಲೇ ಇಲ್ಲ.

"ಹ್ವಾಯ್, ಇದ್ ಅಂಗಿ ಹೊಲೂ ಮೆಷಿನ್, ಹಾಸ್ಗಿ ಹೊಲೂದಲ್ಲ. ಸೂಜಿ ಮುರುದ್ರೆ ಬೊಂಬಾಯಿಂದ ಬರ್ಕ್" ಎಂದ ಪ್ರೇಮಾನಂದ.

"ಪಾದ ಇಷ್ಟೇ ಎತ್ತೂದಾ? ಕುತ್ತಿಗಿ ಇಷ್ಟ್ ಗಿಡ್ಡ ಇದ್ರೆ ಹೊದ್ಕಿ ನುಗ್ಸೂದ್ ಎಲ್ಲಿಂದ? ಅಡಿಬದಿಗೆ ಹಲ್ಲ್ ಇಟ್ಟವ್ನಿಗೆ ಮೇಲ್ಬದಿಗೂ ಇಡ್ಕ್ ಅಂದೇಳಿ ತೋಚ್ಲಿಲ್ಯಾ?"

"ಎರ್ಡೂ ಬದಿ ಹಲ್ಲ್ ಇಟ್ರೆ ಅದ್ ಬಟ್ಟಿ ತಿಂತ್ತ್ ಅಪ್ಪಿಯಕ್ಕ, ಹೊಲಿತಿಲ್ಲೆ!"

ಅವನು ನಕ್ಕ, ಅತ್ತೆ ನಗಲಿಲ್ಲ. ಅವರು ಹೇಳಿದ್ದು ಸುಳ್ಳೂ ಅಲ್ಲ. ಸೂಜಿಗೂ ಮೆಷಿನಿನ ಕಂಬಕ್ಕೂ ನಡುವೆ ಇದ್ದದ್ದು ಗೇಣು ಜಾಗ, ಇಡೀ ಹೊದಿಕೆ ಅದರಲ್ಲಿ ತೂರದು. ಕೆಳಗಿನ ಹಲ್ಲು ಅಡಿಯ ಪದರವನ್ನು ಮುಂದಕ್ಕೆ ಎಳೆಯುತ್ತದೆ, ಮೇಲಿನ ಪದರಕ್ಕೆ ದಿಕ್ಕುದೆಸೆಯಿಲ್ಲ. ಅದು ಹಿಂದೆ ಉಳಿದು ನೆರಿಗೆ ಕಟ್ಟುತ್ತದೆ. ಕೊನೆಗೆ ಒಂದು ಕರಾರಾಯಿತು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ಅತ್ತೆ ಮೆಷಿನು ತುಳಿಯಬಹುದು. ಸೂಜಿ ಮುರಿದರೆ ಮತ್ತೆ ಆ ಮೆಟ್ಟಿಲು ಹತ್ತುವ ಹಾಗಿಲ್ಲ.

ಮನೆಯಲ್ಲಿ ಮಾವ ಊಟಕ್ಕೆ ಕೂತಿದ್ದರು. ಅವರು ಗಂಗೊಳ್ಳಿಯಲ್ಲಿ ಸರಕು ಸಾಗಿಸುವ ಮಂಜಿಗಳಿಗೆ ಹಾಯಿ ಹೊಲಿಯುವವರು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಗಿಡ್ಡ ಕುತ್ತಿಗೆಯ ದೂರು ಕೇಳಿ ಮುಗಿಸಿ, "ಹಾಯಿ ಇಡೀ ಒಂದೇ ಸರ್ತಿ ಹೊಲಿತ್ರಾ? ಪಟ್ಟಿ ಪಟ್ಟಿ ಹೊಲ್ದ್ ಕಡಿಗೆ ಕೂಡ್ಸೂದ್" ಎಂದು ಎದ್ದುಹೋದರು.

"ನಂಗೂ ಅದೇ ತೋಚಿತ್ತ್" ಎಂದರು ಅತ್ತೆ. ಖಂಡಿತ ತೋಚಿರಲಿಲ್ಲ.

ಉಳಿದದ್ದು ಪಾದ ಮತ್ತು ಹಲ್ಲು. ಅದಕ್ಕೆ ಪರಿಹಾರ ಸಿಕ್ಕಿದ್ದು ಬಾವಿಕಟ್ಟೆಯಲ್ಲಿ. ಮಾವನ ಪಂಚೆಗೆ ಗಂಜಿಯ ತೆಳಿ ಹಾಕಿ ಒಣಗಿಸಿದ್ದೆ. ಮಡಿಕೆ ಬಿಡಿಸದೆ ಹಾಕಿದ್ದರಿಂದ ಪದರಗಳು ಅಂಟಿ ಹಲಗೆಯಂತಾಗಿದ್ದವು. ನನಗೆ ಬೈಗುಳ ಕಾದಿದೆ ಅಂದುಕೊಂಡೆ. ಅತ್ತೆ ಆ ಪಂಚೆಯನ್ನು ತಟ್ಟಿದರು, ಬಗ್ಗಿಸಿದರು, ಆಮೇಲೆ ನನ್ನ ಕೆನ್ನೆ ಹಿಂಡಿದರು. ಪದರಗಳು ಅಂಟಿಕೊಂಡರೆ ಮೇಲಿನದು ಹಿಂದೆ ಉಳಿಯುವುದು ಹೇಗೆ? ಒಣಗಿದ ಮೇಲೆ ಅರೆಯುವ ಕಲ್ಲಿನ ಗುಂಡು ಉರುಳಿಸಿ ಚಪ್ಪಟೆ ಮಾಡಿದರೆ ಪಾದದ ಅಡಿಗೂ ನುಗ್ಗುತ್ತದೆ. ಹೊಲಿದಾದ ಮೇಲೆ ತೊಳೆದರೆ ತೆಳಿ ಹೊಳೆಗೆ.

ಅಂದೇ ಕೂಡಿಟ್ಟ ಹಳೆ ಸೀರೆಗಳನ್ನು ಪಟ್ಟಿಯಾಗಿ ಹರಿದು, ತೆಳಿಯಲ್ಲಿ ಅದ್ದಿ, ಪದರ ಹಾಕಿ ಬೇಲಿಯ ಮೇಲೆ ಹರವಿದೆವು. ಒಳಗೆ ಹೋಗಿ ಒಂದು ಎಲೆಯಡಿಕೆ ಕವಳ ಹಾಕಿಕೊಂಡು ಬರುವಷ್ಟರಲ್ಲಿ ನಮ್ಮದೇ ಹಟ್ಟಿಯ ದನ ಹಗ್ಗ ಬಿಚ್ಚಿಕೊಂಡು ಬಂದು ಎರಡು ಪಟ್ಟಿಗಳನ್ನು ಅಗಿದು ಹಿಂಡಿ ಮಾಡಿತ್ತು. ಹುಟ್ಟಿದಾಗಿನಿಂದ ತೆಳಿ ಕುಡಿದು ಬೆಳೆದ ದನ, ಬೇಲಿಯ ಮೇಲೆ ತೆಳಿಯ ವಾಸನೆ ಬಂದರೆ ಬಿಟ್ಟೀತೇ? ಊರಿಗೆಲ್ಲ ಬುದ್ಧಿ ಹೇಳುವ ನಮ್ಮತ್ತೆಗೆ ಅಷ್ಟು ಹೊಳೆಯಲಿಲ್ಲ, ನನಗೂ ಇಲ್ಲ.

"ಪ್ರೇಮಾನಂದ ಹೇಳದ್ದ್ ಖರೆ ಆಯ್ತಲೇ. ಎರ್ಡೂ ಬದಿ ಹಲ್ಲ್ ಇದ್ರೆ ಬಟ್ಟಿ ತಿಂತ್ತ್" ಎಂದು ಅವರೇ ನಕ್ಕರು.

ಆದರೆ ಅದು ನಗುವ ವಿಷಯವಾಗಿರಲಿಲ್ಲ. ಬಟ್ಟೆಗೆ ಕಂಟ್ರೋಲು ಇದ್ದ, ಸರ್ಕಾರ ಅಳೆದು ಕೊಡುತ್ತಿದ್ದ ಕಾಲ. ಎಳೆ ಎಳೆಯಾಗುವವರೆಗೂ ಎಲ್ಲರೂ ಉಡುತ್ತಿದ್ದರು, ಹಳೆ ಸೀರೆ ಕೊಡುವವರು ಯಾರು? ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವಂತೆಯೂ ಇಲ್ಲ. ಅತ್ತೆಗೆ ಇದ್ದದ್ದು ಮೂರು ಸೀರೆ. ಅದರಲ್ಲಿ ಮೆತ್ತಗಿನದೊಂದನ್ನು ತಂದು ನನ್ನ ಕಣ್ಣೆದುರೇ ಹರಿದರು. ಬೇಡ ಎಂದು ಕೂಗಿದೆ, ಸಿಟ್ಟಿನಿಂದ ಕೈಯನ್ನೂ ಹಿಡಿದೆ. "ಎರ್ಡ್ ಸೀರಿಯಂಗೆ ಮಾನ ಉಳಿತ್ತ್. ಹೊದ್ಕಿ ಇಲ್ದಿರೆ ಉಳಿತಿಲ್ಲೆ" ಎಂದರು. ಈ ಸಲ ತೆಳಿಗೆ ಕಿರಾತಕಡ್ಡಿಯ ಕಡುಕಹಿ ಕಷಾಯ ಬೆರೆಸಿದರು. ದನ ಬಂದು ಮೂಸಿ, ಮುಖ ತಿರುಗಿಸಿಕೊಂಡು ಹೋಯಿತು.

ದಿನವೂ ಮಧ್ಯಾಹ್ನ ಅತ್ತೆ ಪೇಟೆಗೆ ಹೋದರು. ಬೆರಳು ಬಾತಿತ್ತೇ ಹೊರತು ಕಾಲಿಗೆ ಏನೂ ಆಗಿರಲಿಲ್ಲ. ಹಲಗೆಯಂಥ ಪಟ್ಟಿಗಳು ಪಾದದ ಅಡಿಗೆ ಸರಸರ ನುಗ್ಗಿದವು, ಒಂದು ನೆರಿಗೆಯೂ ಬೀಳಲಿಲ್ಲ. ಸೂಜಿ ಮುರಿಯುತ್ತದೆಂದು ಬೇಗ ಉಂಡು ಓಡಿಬಂದ ಪ್ರೇಮಾನಂದ ಬಗ್ಗಿ ಹೊಲಿಗೆಯನ್ನು ಸವರಿ ನೋಡಿದ. "ಅಲ್ಲ ಅಪ್ಪಿಯಕ್ಕ, ಈಗ್ ಮೆಷಿನಿಗೆ ಕುಂದ್ ಇಲ್ಲೆ ಅಲ್ದಾ?" ಎಂದು ಕೇಳಿದ.

"ಈಗ್ಳೂ ಇತ್ತ್. ಬಗ್ಗಿದ್ದ್ ನಾನ್, ಅದಲ್ಲ. ಮಾಡ್ದವ್ರಿಗೆ ಕಾಗ್ದ ಬರಿ, ಪಾದ ಎತ್ರ ಮಾಡಿ, ಕುತ್ತಿಗಿ ಉದ್ದ ಮಾಡಿ ಅಂದೇಳಿ."

ಪಟ್ಟಿಗಳನ್ನು ಕೂಡಿಸುವ ಹೊಲಿಗೆ ಮಾತ್ರ ಕೈಯದೇ ಆಗಬೇಕಿತ್ತು. ಬೆರಳಿನಲ್ಲಿ ಸೂಜಿ ದೂಡಲಾಗದು. ಮಾವ ಹಾಯಿ ಹೊಲಿಯುವಾಗ ಅಂಗೈಗೆ ಕಟ್ಟುವ ತೊಗಲಿನ ಪಟ್ಟಿಯನ್ನು ಬಿಚ್ಚಿ ಅತ್ತೆಯ ಕೈಗೆ ತಾವೇ ಕಟ್ಟಿದರು. ಅದರಿಂದ ಅಂಗೈಯ ಬಲದಲ್ಲಿ ಸೂಜಿ ಒತ್ತಬಹುದು. ಅತ್ತೆ ಅದಕ್ಕೂ ಒಂದು ಕುಂದು ಹೇಳಿದರು, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಬಯಕೆಯ ಹಿಂದಿನ ದಿನ ಹೊದಿಕೆ ತೊಳೆದು ಒಣಗಿತ್ತು.

ಅಮ್ಮ ಬಂದಳು. ಅತ್ತೆ ಎಲ್ಲರೆದುರು ಹೊದಿಕೆ ಬಿಡಿಸಿ ಹಾಸಿದರು. ಅಮ್ಮ ಹಿಂದುಮುಂದು ತಿರುಗಿಸಿ ನೋಡಿ, "ಲಾಯ್ಕ್ ಇತ್ತ್. ಆರೆ ಇದ್ ಮೆಷಿನ್ ಹೊಲ್ದದ್ದ್ ಅಲ್ದಾ?" ಎಂದಳು.

"ಅಕ್ಕಿ ಅರ್ದದ್ದ್ ಕಲ್ಲ್. ಹಂಗಂದೇಳಿ ದ್ವಾಸಿ ಹೊಯ್ದದ್ದೂ ಕಲ್ಲೇಯಾ?" ಎಂದರು ಅತ್ತೆ.

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗಂತೂ ಎದ್ದುನಿಂತು ಇವರು ನನ್ನ ಅತ್ತೆ ಎಂದು ಕೂಗಬೇಕು ಅನ್ನಿಸಿತು. ಅಮ್ಮ ಹೊದಿಕೆ ಮಡಚಿ ತನ್ನ ಗಂಟಿಗೆ ಸೇರಿಸಿಕೊಂಡಳು.

ಕೆರಾಡಿಯಲ್ಲಿ ಹೆಣ್ಣುಮಗು ಹುಟ್ಟಿತು. ಸುದ್ದಿ ಕೇಳಿ ಅತ್ತೆ ಬಸ್ಸಿಳಿದು ಕಾಡುದಾರಿ ನಡೆದು ಬಂದರು. ಕಾಲು ತೊಳೆದವರೇ ಮಗುವನ್ನು ಎತ್ತಿಕೊಂಡರು. ಹಾಸಿದ್ದು ಅವರದೇ ಹೊದಿಕೆ. ಆದರೆ ಅದರ ಅಡಿಯಲ್ಲಿ ಇನ್ನೊಂದರ ಅಂಚು ಇಣುಕುತ್ತಿತ್ತು. ಅತ್ತೆ ಅದನ್ನು ಎಳೆದು ಬೆಳಕಿಗೆ ಹಿಡಿದರು. ಪೂರಾ ಕೈಹೊಲಿಗೆ. ಅಂಚಿನಿಂದ ಅಂಚಿಗೆ ಓಡಿದ ಸಣ್ಣ, ಒಂದೇ ಸಮನಾದ ಹೊಲಿಗೆ. ಈಗೇನು ಗ್ರಹಚಾರವೋ ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಇದ್ ಯಾರ್ ಹೊಲ್ದದ್ದ್?"

"ನಾನೇ," ಎಂದಳು ಅಮ್ಮ, ಕಳವು ಸಿಕ್ಕಿದವಳ ಹಾಗೆ. "ನಿಮ್ ಕೈ ಆತೋ ಇಲ್ಯೋ ಅಂದೇಳಿ ಹೊಲ್ದಿಟ್ಟಿದ್ದೆ. ನಿಮ್ ಹೊದ್ಕಿ ಕಂಡ್ ಮೇಲೆ ಹೊರ್ಗ್ ತೆಗುಕೆ ಮನಸ್ ಬರ್ಲಿಲ್ಲೆ. ನಂಗ್ ಕಲ್ಸ್ದವ್ರ್ ಯಾರೂ ಇಲ್ಲೆ ಅಪ್ಪಿಯಕ್ಕ. ಮಗ್ಳ್ ಮದಿ ಹೊತ್ತಿಗೆ ನೀವ್ ಕೊಟ್ಟ್ ಹೊದ್ಕಿ ಇತ್ತಲೆ, ಅದನ್ ಕಂಡ್ ಕಂಡ್ ಕಲ್ತದ್ದ್."

ಅತ್ತೆ ಬಾತ ಬೆರಳುಗಳಿಂದ ಆ ಹೊಲಿಗೆಯನ್ನು ಉದ್ದಕ್ಕೂ ಸವರಿದರು. ಅವರ ಕಣ್ಣು ತುಂಬಿ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆಮೇಲೆ ತಮ್ಮ ಹೊದಿಕೆಯನ್ನು ಕೆಳಗೆ ಹಾಸಿ, ಅಮ್ಮನದನ್ನು ಅದರ ಮೇಲೆ ಹರವಿ, ಮಗುವನ್ನು ಮಲಗಿಸಿದರು.

"ನಂದ್ ಗಟ್ಟಿ ಇತ್ತ್, ಅಡಿಗಿರ್ಲಿ" ಎಂದರು. "ಮಗಿಗೆ ಇದೇ ಮೆತ್ತಗೆ."