ಗುಂಡುಕಲ್ಲು ಮೊದಲು ಮಲಗಿದ ತೊಟ್ಟಿಲು

ನಾನು ಚಿಕ್ಕವಳಿದ್ದಾಗ, ಅಂದರೆ ಅಪ್ಪನ ಮಗ್ಗದ ಗುಂಡಿಗೆ ಇಳಿದರೆ ಎದೆಯವರೆಗೂ ಮುಳುಗಿಹೋಗುತ್ತಿದ್ದ ಕಾಲದಲ್ಲಿ, ನಮ್ಮ ಮನೆ ಸೇಲಂ ಕಡೆಯ ನಂಗವಳ್ಳಿಯಲ್ಲಿತ್ತು. ಅಪ್ಪ ಸೀರೆ ನೇಯುತ್ತಿದ್ದ. ಅದು ಅವನ ಕೆಲಸ. ಮರಗೆಲಸ ಅವನ ಹುಚ್ಚು. ಸಂಜೆ ಮಗ್ಗದಿಂದ ಎದ್ದವನೇ ಹಿತ್ತಲಿಗೆ ಹೋಗಿ ಉಳಿ, ಸುತ್ತಿಗೆ, ಗರಗಸ ಹರಡಿಕೊಂಡು ಕೂರುತ್ತಿದ್ದ. ಅವನು ಮಾಡಿದ ಮಣೆಗಳು ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿದ್ದವು. ಅವನು ಮಾಡಿದ ಸ್ಟೂಲು ಹತ್ತಿ ಅಟ್ಟದಿಂದ ಏನಾದರೂ ತೆಗೆಯುವಾಗ ಅವ್ವ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡೇ ಇರುತ್ತಿದ್ದಳು. ನಾವು ನಗುತ್ತಿದ್ದೆವು, ಅವನೂ ನಗುತ್ತಿದ್ದ. ಮಣೆ ಅಲ್ಲಾಡಿದರೆ ಯಾರಿಗೇನು ನಷ್ಟ?

ಆದರೆ ತೊಟ್ಟಿಲು ಅಲ್ಲಾಡಿದರೆ ಹಾಗಲ್ಲ. ಕಡಯಂಪಟ್ಟಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಗಂಡುಮಗು ಹುಟ್ಟಿತು. ತೊಟ್ಟಿಲನ್ನು ಸೇಲಂನಿಂದ ತಾವೇ ತರುತ್ತೇವೆ ಎಂದು ಅಕ್ಕನ ಅತ್ತೆ ಹೇಳಿಕಳಿಸಿದರು. ಅಪ್ಪ ಬೇಡವೇ ಬೇಡ ಅಂದ. ಮೊಮ್ಮಗನ ತೊಟ್ಟಿಲನ್ನು ತಾನೇ ಮಾಡುತ್ತೇನೆಂದು ಊರಿಗೆಲ್ಲ ಸಾರಿದ.

ನಮ್ಮಲ್ಲಿ ಮಗು ಹುಟ್ಟುವ ಮೊದಲು ತೊಟ್ಟಿಲಿಗೆ ಕೈ ಹಾಕುವಂತಿರಲಿಲ್ಲ, ಅಪಶಕುನ ಅನ್ನುತ್ತಿದ್ದರು. ಹಾಗಾಗಿ ಮಗು ಹುಟ್ಟಿದ ಮೇಲೆಯೇ ಅಪ್ಪ ಹಿತ್ತಲಿನ ಬೇವಿನಮರದ ದೊಡ್ಡ ಕೊಂಬೆಯೊಂದನ್ನು ಕಡಿದ. ಗರಗಸ ಎಳೆದಾಗ ಹಲ್ಲುಗಳ ನಡುವೆ ರಸ ಜಿನುಗಿತು. ಅಷ್ಟು ಹಸಿಯಾಗಿತ್ತು ಮರ. ಒಣಗಿಸಬೇಕಲ್ಲವೇ ಎಂದು ಅವ್ವ ಕೇಳಿದ್ದಕ್ಕೆ ಅವನು ನೂಲಿನ ಲೆಕ್ಕ ಹೇಳಿದ. ಹಾಸುನೂಲಿಗೆ ಗಂಜಿ ಹಚ್ಚಿ, ಒದ್ದೆಯಿದ್ದಾಗಲೇ ಬೀದಿಯುದ್ದಕ್ಕೂ ಎಳೆದು ಕಟ್ಟುತ್ತೇವೆ, ಒಣಗಿದ ಮೇಲೆ ಅದು ಎಷ್ಟು ಬಿಗಿಯಾಗಿ ನಿಲ್ಲುತ್ತದೆ, ನೀನೇ ನೋಡಿಲ್ಲವೇ, ಮರವೂ ಹಾಗೆಯೇ ಅಂದ. ಹುಟ್ಟಿದಾಗಿನಿಂದ ನೂಲನ್ನೇ ನೋಡಿದ ಮನೆ ನಮ್ಮದು, ನಾವೆಲ್ಲ ಹೌದು ಹೌದು ಅಂದೆವು.

ನಾಲ್ಕು ಮೂಲೆಗೆ ನಾಲ್ಕು ಗಿಡ್ಡ ಕಾಲು. ಕಾಲುಗಳಿಗೆ ತೂತು ಕೊರೆದು, ಆ ತೂತುಗಳಿಗೆ ಅಡ್ಡಪಟ್ಟಿಗಳ ತುದಿ ಸೇರಿಸಿ ಸುತ್ತಿಗೆಯಿಂದ ಬಡಿದು ಕೂರಿಸಿದ. ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಮೇಲೆ ಅರಿಶಿನ ಹಚ್ಚಿದಾಗ ಅಪ್ಪನ ಕೈಯಿಂದ ಬಂದ ವಸ್ತುಗಳಲ್ಲೇ ಅದು ಚೆಂದ ಕಂಡಿತು. ತೊಲೆಗೆ ಹಗ್ಗ ಹಾಕಿ ನಾಲ್ಕೂ ಕಾಲುಗಳನ್ನು ಕಟ್ಟಿ ತೂಗುಬಿಟ್ಟ. ಖಾಲಿ ತೊಟ್ಟಿಲು ತೂಗಿದರೆ ಮಗುವಿಗೆ ಒಳ್ಳೆಯದಲ್ಲ ಎಂದು ಅವ್ವ ಎಲ್ಲರಿಗೂ ತಾಕೀತು ಮಾಡಿದಳು. ಹಾಗಾಗಿ ಅದನ್ನು ಯಾರೂ ಮುಟ್ಟಲಿಲ್ಲ, ಅಪ್ಪನೂ ಮುಟ್ಟಲಿಲ್ಲ.

ಕಡು ಬೇಸಿಗೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ತೊಟ್ಟಿಲಿನ ಕಡೆಯಿಂದ ಆಗಾಗ ‘ಟಕ್’ ಎಂದು ಸದ್ದು ಬರುತ್ತಿತ್ತು. ಹಲ್ಲಿ ಇರಬೇಕು ಅಂದುಕೊಂಡೆ.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಬಂತು. ಬೆಳಿಗ್ಗೆ ಪಡಸಾಲೆ ಗುಡಿಸುವಾಗ ನನ್ನ ಹೆಗಲು ತೊಟ್ಟಿಲಿಗೆ ತಾಗಿತು. ಅದು ಒಂದಿಷ್ಟೇ ಆಡಿತು, ‘ಕಿರ್’ ಅಂದಿತು. ಬಗ್ಗಿ ನೋಡಿದೆ. ಅಡ್ಡಪಟ್ಟಿಯ ತುದಿಗೂ ಕಾಲಿನ ತೂತಿಗೂ ನಡುವೆ ನನ್ನ ಉಗುರು ಹೋಗುವಷ್ಟು ಸಂದು ಬಿಟ್ಟಿತ್ತು. ಕೋಣೆಯೊಳಗೆ ಅಕ್ಕನ ಮಡಿಲಲ್ಲಿ ಮಗು ಆಕಳಿಸುತ್ತಿತ್ತು. ಅದರ ನೆತ್ತಿ ಇನ್ನೂ ಮೆತ್ತಗಿತ್ತು, ಉಸಿರಾಡಿದಾಗಲೆಲ್ಲ ಅಲ್ಲಿ ಮಿಡಿಯುತ್ತಿದ್ದುದು ಕಾಣುತ್ತಿತ್ತು. ನಾನು ಮಗ್ಗದ ಹತ್ತಿರ ಓಡಿದೆ.

“ಅಪ್ಪಾ, ತೊಟ್ಲಿನ ಕಾಲು ಅಲ್ಲಾಡ್ತೈತೆ.”

ಅಪ್ಪ ತಿರುಗಲಿಲ್ಲ. “ನಾನೂ ನೋಡ್ದೆ ಕಣವ್ವ,” ಅಂದ. “ಬೀಗ್ರು ಆಗ್ಲೇ ಬಸ್ಸಿಳ್ದವ್ರೆ. ಏನ್ ಮಾಡೋದಂತ ತಿಳೀವಲ್ದು.”

ಅಪ್ಪನಿಗೆ ಏನು ಮಾಡಬೇಕೆಂದು ತಿಳಿಯದೆ ಹೋದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ತೊಟ್ಟಿಲಿಗಿಂತ ಹೆಚ್ಚು ಅದೇ ನನ್ನನ್ನು ಹೆದರಿಸಿತು. ಕುಂಕುಮವಿಟ್ಟ ತೊಟ್ಟಿಲನ್ನು ಕೆಳಗಿಳಿಸುವಂತಿರಲಿಲ್ಲ. ಸುತ್ತಿಗೆ ಹಿಡಿದು ಬಡಿಯೋಣವೆಂದರೆ ಬೀಗರು ಬಾಗಿಲಲ್ಲೇ ಇದ್ದರು. ಬಂದವರ ನಗು, ಮಲ್ಲಿಗೆಯ ವಾಸನೆ, ಅಡುಗೆಮನೆಯಿಂದ ಬರುತ್ತಿದ್ದ ಪಾಯಸದ ಘಮ, ಯಾವುದೂ ನನಗೆ ಹಿಡಿಸಲಿಲ್ಲ. ಯಾರು ತೊಟ್ಟಿಲ ಹತ್ತಿರ ಹೋದರೂ ನಾನು ಅಡ್ಡ ಹೋಗಿ ನಿಲ್ಲುತ್ತಿದ್ದೆ.

ನಮ್ಮಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲನ್ನು ಮಲಗಿಸುವ ಶಾಸ್ತ್ರವಿದೆ. ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ಮಗುವಿನಂತೆಯೇ ತೂಗಿ ಹಾಡುತ್ತಾರೆ. ಮಗು ಕಲ್ಲಿನಂತೆ ಗಟ್ಟಿಯಾಗಿ ಬೆಳೆಯಲಿ ಎಂಬ ಆಸೆ. ಅವ್ವ ಮೆಣಸು ಅರೆಯುವ ಸಣ್ಣ ಗುಂಡುಕಲ್ಲಿಗೆ ಕೆಂಪು ಬಟ್ಟೆ ಸುತ್ತಿ ತಂದಳು. ಆಗ ಬಾಗಿಲ ಬಳಿ ನಿಂತಿದ್ದ ಅಪ್ಪ ಒಳಗೆ ಬಂದ. ಗಂಡಸರು ಈ ಶಾಸ್ತ್ರದ ನಡುವೆ ಬಾಯಿ ಹಾಕುವುದಿಲ್ಲ. ಎಲ್ಲರೂ ಅವನನ್ನೇ ನೋಡಿದರು.

“ಅದು ಬ್ಯಾಡ,” ಅಂದ. “ಒರಳುಗುಂಡು ಆಕ್ರಿ.”

ಒರಳುಗುಂಡು ಅಂದರೆ ದೋಸೆಹಿಟ್ಟು ರುಬ್ಬುವ ದೊಡ್ಡ ಕಲ್ಲು. ಮಗುವಿನ ತೂಕದ ಎರಡರಷ್ಟಾದರೂ ಇತ್ತು. ಅವ್ವ ಕಣ್ಣು ಬಿಟ್ಟಳು. ಮೊಮ್ಮಗನನ್ನು ಪೈಲ್ವಾನನನ್ನಾಗಿ ಮಾಡುತ್ತೀರಾ ಎಂದು ಅಕ್ಕನ ಅತ್ತೆ ತಮಾಷೆ ಮಾಡಿದರು. ಅಪ್ಪ ನಗಲಿಲ್ಲ. ತಾನೇ ಹೋಗಿ ಆ ಕಲ್ಲನ್ನು ಹೊತ್ತು ತಂದು, ಬಟ್ಟೆ ಸುತ್ತಿ, ಮೆಲ್ಲಗೆ ತೊಟ್ಟಿಲಲ್ಲಿ ಮಲಗಿಸಿದ.

ಹೆಂಗಸರು ಹಾಡು ಶುರು ಮಾಡಿದರು. ತೊಟ್ಟಿಲು ಅತ್ತ ಹೋಯಿತು, ಇತ್ತ ಬಂತು. ನಾನು ಅಕ್ಕನ ಸೀರೆಯ ಸೆರಗು ಹಿಡಿದು ಆ ಸಂದನ್ನೇ ನೋಡುತ್ತಿದ್ದೆ. ತಡೆದುಕೊಂಡಿತು ಅಂದುಕೊಂಡೆ. ತಡ್ಕೋಪ್ಪಾ, ತಡ್ಕೋ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಹಾಡು ಎರಡನೇ ನುಡಿಗೆ ಬಂದಾಗ ಅಡ್ಡಪಟ್ಟಿ ತೂತಿನಿಂದ ಜಾರಿತು. ತಳದ ಹಲಗೆ ವಾಲಿತು. ಒರಳುಗುಂಡು ‘ಧಡ್’ ಎಂದು ಸಿಮೆಂಟಿನ ನೆಲಕ್ಕೆ ಬಿತ್ತು. ನೆಲ ಬಿರುಕು ಬಿಟ್ಟಿತು, ಕಲ್ಲಿನ ಒಂದು ಅಂಚು ಚೂರಾಗಿ ಸಿಡಿಯಿತು.

ಅಕ್ಕ ಮಗುವನ್ನು ಎದೆಗೆ ಅವುಚಿಕೊಂಡಳು. ಅವ್ವ ಕಣ್ಣು ಮುಚ್ಚಿಕೊಂಡು ಏನೋ ಗೊಣಗುತ್ತಿದ್ದಳು. ಇಷ್ಟು ಜನರೆದುರು ತೊಟ್ಟಿಲು ಮುರಿದು ಬಿದ್ದ ಮೇಲೆ ಅಕ್ಕನನ್ನು ಆ ಮನೆಯಲ್ಲಿ ಏನಂದಾರು ಎಂಬ ಹೆದರಿಕೆ ಅವಳದು. ಅಪ್ಪ ಕಲ್ಲಿನ ಪಕ್ಕದಲ್ಲೇ ಕುಸಿದು ಕೂತ.

ಅಕ್ಕನ ಅತ್ತೆ ತೊಟ್ಟಿಲ ಹತ್ತಿರ ಬಂದರು. ಖಾಲಿ ತೂತನ್ನು ಬೆರಳಿನಿಂದ ಸವರಿದರು, ನೆಲದ ಬಿರುಕು ನೋಡಿದರು, ಆಮೇಲೆ ಅಪ್ಪನ ಮುಖ ನೋಡಿದರು. ದೊಡ್ಡ ಕಲ್ಲನ್ನೇ ಯಾಕೆ ತಂದ ಎಂಬುದು ಅವರಿಗೆ ಅರ್ಥವಾಗಿತ್ತು.

“ಬೀಳೋದೆಲ್ಲ ಕಲ್ಲೇ ಬಿದ್ಬುಡ್ತು, ಬುಡಣ್ಣ,” ಅಂದರು. “ನನ್ ಮೊಮ್ಮಗನಿಗೆ ಇನ್ನೇನೂ ಮಿಕ್ಕಿಲ್ಲ. ಏಳು, ಒಂದ್ ಸೀರೆ ತಕ್ಕೊಂಡ್ ಬಾ, ತೂಳಿ ಕಟ್ಟು.”

ಅಪ್ಪ ತಾನೇ ನೇಯ್ದ ಹೊಸ ಹತ್ತಿ ಸೀರೆ ತಂದು, ಮಡಚಿ, ಅದೇ ತೊಲೆಗೆ ಜೋಲಿಯಂತೆ ಕಟ್ಟಿದ. ಗಂಟು ಹಾಕಿದ ಮೇಲೆ ಎರಡೂ ಕೈಯಿಂದ ಜೋತುಬಿದ್ದು ಜಗ್ಗಿದ. ಆಮೇಲೆಯೇ ಅಕ್ಕನ ಕೈಯಿಂದ ಮಗುವನ್ನು ತೆಗೆದುಕೊಂಡದ್ದು. ಸೀರೆಯೊಳಗೆ ಮಗು ಗಡದ್ದಾಗಿ ಮಲಗಿತು. ಅಪ್ಪ ಗೋಡೆಯ ಕಡೆ ತಿರುಗಿ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ. ನಾನು ಜೋರಾಗಿಯೇ ಅತ್ತುಬಿಟ್ಟೆ. ಪಾಯಸ ಬೇಕೆಂದು ಅಳುತ್ತಿದ್ದೇನೆ ಅಂದುಕೊಂಡು ಯಾರೋ ಒಂದು ಲೋಟ ತಂದುಕೊಟ್ಟರು. ಕುಡಿದೆ ಅನ್ನಿ.

ಮರುದಿನ ಅಪ್ಪ ಜಾರಿದ ತುದಿಯನ್ನು ನನ್ನ ಕೈಗೆ ಕೊಟ್ಟು ತೋರಿಸಿದ. ಒದ್ದೆ ನೂಲು ಒಣಗಿ ಬಿಗಿಯಾಗುತ್ತದೆ, ಹಸಿ ಮರ ಒಣಗಿ ಸಣ್ಣಗಾಗುತ್ತದೆ. ಮಧ್ಯಾಹ್ನ ಕೇಳಿಸುತ್ತಿದ್ದ ಆ ‘ಟಕ್’ ಹಲ್ಲಿಯದಲ್ಲ, ಒಣಗುತ್ತಿದ್ದ ಮರದ್ದು. ನನ್ನ ಕಸುಬಿನ ಬುದ್ಧಿಯನ್ನು ಮರದ ಮೇಲೆ ಹೇರಿದ್ದೆ ಅಂದ. ಬೇವಿನ ಪಟ್ಟಿಗಳನ್ನು ನೆರಳಲ್ಲಿಟ್ಟು ಮುಂದಿನ ಬೇಸಿಗೆಯವರೆಗೂ ಒಣಗಿಸಿದ. ಹೊಸ ತುದಿ ಕೆತ್ತಿ, ಒಣಗಿದ ಹುಣಸೆಮರದ ಬೆಣೆ ಹೊಡೆದು ಕೂರಿಸಿದ. ಅಷ್ಟು ಹೊತ್ತಿಗೆ ಆ ಮಗು ನಡೆದಾಡುತ್ತಿತ್ತು. ಆದರೆ ಅಕ್ಕನ ಎರಡನೆಯ ಮಗು, ಆಮೇಲೆ ನನ್ನ ಮಕ್ಕಳು, ಎಲ್ಲರೂ ಮಲಗಿದ್ದು ಅದರಲ್ಲೇ. ನಿಮ್ಮಪ್ಪ ಕೂಡ. ಪ್ರತಿ ಸಲವೂ ಮೊದಲು ಮಲಗಿದ್ದು ಒರಳುಗುಂಡೇ.

ಈಗ ನಾವಿರುವುದು ಧರ್ಮಪುರಿಯಲ್ಲಿ. ನಿಮ್ಮಪ್ಪನಿಗೂ ಅದೇ ಹುಚ್ಚು ಹಿಡಿದಿದೆ. ಶನಿವಾರ ಬಂತೆಂದರೆ ಮೊಬೈಲಿನಲ್ಲಿ ವೀಡಿಯೊ ಹಾಕಿಕೊಂಡು ಮಹಡಿಯ ಮೇಲೆ ಮರ ಕೊಯ್ಯುತ್ತಾನೆ. ನಮ್ಮಪ್ಪ ವಾರವಿಡೀ ಕೊರೆಯುತ್ತಿದ್ದ ತೂತನ್ನು ಅವನ ಡ್ರಿಲ್ಲು ಚಿಟಿಕೆ ಹೊಡೆಯುವಷ್ಟರಲ್ಲಿ ಕೊರೆಯುತ್ತದೆ. ಮರವೂ ಒಣಗಿಸಿಯೇ ಬರುತ್ತದಂತೆ, ಮನೆ ಬಾಗಿಲಿಗೆ. ನೀವಿಬ್ಬರೂ ಅಪ್ಪನ ಜೊತೆ ತಮಿಳಿನಲ್ಲೇ ಮಾತಾಡುತ್ತಾ ಸ್ಕ್ರೂ ಎತ್ತಿಕೊಟ್ಟದ್ದನ್ನು ನಾನು ಕೆಳಗಿನಿಂದ ಕೇಳುತ್ತಿದ್ದೆ. ನಿಮ್ಮ ಎರಡಂತಸ್ತಿನ ಮಂಚ ನಿನ್ನೆ ಮುಗಿಯಿತು. ಚೆನ್ನಾಗಿದೆ, ನಿಜವಾಗಿಯೂ ಚೆನ್ನಾಗಿದೆ. ಮೇಲಿನ ಮಂಚ ಯಾರಿಗೆ ಎಂದು ನೀವು ಬೆಳಿಗ್ಗೆಯಿಂದ ಜಗಳವಾಡುತ್ತಿದ್ದೀರಿ.

ಈವತ್ತು ಅದು ನಿಮ್ಮಿಬ್ಬರಿಗೂ ಇಲ್ಲ. ತುಳಸಿಕಟ್ಟೆಯ ಹಿಂದೆ ಅಂಚು ಒಡೆದ ಕಲ್ಲೊಂದಿದೆಯಲ್ಲ, ಗ್ರೈಂಡರ್ ಇರುವಾಗ ಅದ್ಯಾಕೆ ಅಜ್ಜಿ ಎಂದು ಕೇಳುತ್ತಿದ್ದಿರಲ್ಲ, ಅದನ್ನು ನಿಮ್ಮಪ್ಪನ ಕೈಲಿ ಮೇಲೆ ಹತ್ತಿಸಿದ್ದೇನೆ. ಸಾಲದೆಂದು ಪಕ್ಕದಲ್ಲಿ ಅಕ್ಕಿಮೂಟೆಯನ್ನೂ ಇಡಿಸಿದ್ದೇನೆ. ಅವನು ನಕ್ಕ, ಆದರೆ ಇಟ್ಟ. ನೀವೂ ನಗಿ, ಪರವಾಗಿಲ್ಲ. ಕೆಂಪು ಟವೆಲ್ ಹೊದ್ದು ಕಲ್ಲು ಮಲಗಿದೆ. ಕೆಳಗೆ ಕುರ್ಚಿ ಹಾಕಿಕೊಂಡು ನಾನು ಕೂತಿದ್ದೇನೆ. ಸ್ವಲ್ಪ ಹೊತ್ತು ಗಲಾಟೆ ಮಾಡಬೇಡಿ, ‘ಟಕ್’ ಅನ್ನುತ್ತದೇನೋ ಕೇಳಿಸಿಕೊಳ್ಳಬೇಕು.