ಬರೆಯದೆ ಬಿಟ್ಟ ಒಂದು ಮಾತು

ನೋಯ್ಡಾದ ನಮ್ಮ ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ. ಅದಕ್ಕೇ ಮೈಸೂರು ಶಾಖೆಯ ಸಹೋದ್ಯೋಗಿಯ ಫೋನ್ ಬಂತೆಂದರೆ ನನಗೆ ಹಬ್ಬ. ತಿಂಡಿ, ಹವಾಮಾನ ಎಂದು ಹರಟುವ ನಡುವೆಯೇ ಕೆಲಸದ ತೀರ್ಮಾನಗಳೂ ಆಗಿಬಿಡುತ್ತಿದ್ದವು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕೆಲಸ ನಮ್ಮದು. ರೋಗಿಯ ವಿವರ ತುಂಬಿಸಿಕೊಳ್ಳುವ ಭಾಗ ನಮ್ಮಿಬ್ಬರ ಪಾಲು. ಅದನ್ನು ವಾರ್ಡಿನ ಪರದೆಯ ಮೇಲೆ ತೋರಿಸುವುದು ಪೋಲೆಂಡಿನ ತಂಡದ ಪಾಲು.

ಒಂದು ದಿನ ಆತ ಕೇಳಿದ, "ಅಕ್ಕಾ, ಅಲರ್ಜಿ ಕಾಲಂ ಖಾಲಿ ಬಂದ್ರೆ ಏನಂತ ತಿಳ್ಕೋಬೇಕು?"

"ಖಾಲಿ ಅಂದ್ರೆ ರೋಗೀನ ಇನ್ನೂ ಕೇಳಿಲ್ಲ ಅಂತ. ಅಲರ್ಜಿ ಇಲ್ದಿದ್ರೆ ಇಲ್ಲ ಅಂತ್ಲೇ ಬರೀಲಿ."

"ಸರಿ ಅಕ್ಕಾ. ಊಟಕ್ಕೇನು ಇವತ್ತು?"

ಎಲ್ಲ ತಂಡಗಳೂ ನೋಡುವ ಪುಟದಲ್ಲಿ ಇದನ್ನು ಆತ ಬರೆಯುತ್ತಾನೆಂದು ನಾನು ಸುಮ್ಮನಾದೆ, ನಾನು ಬರೆಯುತ್ತೇನೆಂದು ಆತ.

ಮೂರು ವಾರದ ನಂತರ ಎಲ್ಲರೂ ಸೇರಿದ್ದ ವಿಡಿಯೋ ಮೀಟಿಂಗಿನಲ್ಲಿ ಪೋಲೆಂಡಿನ ಹುಡುಗಿ ತಮ್ಮ ಪರದೆ ತೋರಿಸಿದಳು. ಕಾಲಂ ಖಾಲಿ ಇದ್ದ ರೋಗಿಗಳ ಹೆಸರಿನ ಮುಂದೆಲ್ಲ 'ಅಲರ್ಜಿ ಇಲ್ಲ' ಎಂಬ ಹಸಿರು ಸಾಲು. ಇದು ಆಸ್ಪತ್ರೆಗೆ ಹೋಗಿದೆಯೇ ಎಂದು ಕೇಳಿದೆ. ಸೋಮವಾರವೇ ಹೋಗಿದೆ ಎಂದಳು. ಅಂದು ಬುಧವಾರ.

ಖಾಲಿ ಎಂದರೆ ಇನ್ನೂ ಕೇಳಿಲ್ಲ ಎಂದರ್ಥ, ಅಲರ್ಜಿ ಇಲ್ಲ ಎಂದಲ್ಲ ಎಂದು ಹೇಳಿದೆ. ಮ್ಯಾನೇಜರ್ ನನ್ನತ್ತ ತಿರುಗಿ, "ಅಚ್ಛಾ, ಯೇ ಲಿಖಾ ಕಹಾಂ ಹೈ?" ಎಂದರು. ಎಲ್ಲಿ ಬರೆದಿದೆ ಎಂದು ತೋರಿಸಲಿ? ಫೋನಿನಲ್ಲಿ, ಕನ್ನಡದಲ್ಲಿ ಹೇಳಿದ್ದೆ ಎಂದೆ. ಪೋಲೆಂಡಿನವಳು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು.

ಹಸಿರು ಸಾಲನ್ನು ಕೂಡಲೇ ತೆಗೆಸಿದರು. ಆಸ್ಪತ್ರೆ ದೆಹಲಿಯದೇ ಆದ್ದರಿಂದ ವಾರ್ಡಿನ ನರ್ಸಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಖಾಲಿ ಕಾಲಂ ಇದ್ದವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಬರುವವರೆಗೂ ಲೈನಿನಲ್ಲೇ ನಿಂತಿದ್ದೆ. ದೇವರೆಂದರೆ ಮೂಗು ಮುರಿಯುವ ನಾನು ಅಂದು ಯಾವ ಯಾವ ದೇವರಿಗೆ ಹರಕೆ ಹೊತ್ತೆನೋ ನೆನಪಿಲ್ಲ.

ಎಲ್ಲರೂ ಚೆನ್ನಾಗಿದ್ದಾರೆ ಎಂದು ಆಕೆ ಹಿಂದಿಯಲ್ಲಿ ಹೇಳಿದಳು. ಮಂಗಳವಾರ ಆ ಹಸಿರು ಸಾಲು ನೋಡಿ ಒಬ್ಬ ಅಜ್ಜನಿಗೆ ಪೆನಿಸಿಲಿನ್ ಕೊಡಲು ಸೂಜಿ ಹಿಡಿದು ಹೋಗಿದ್ದಳಂತೆ. ಪಕ್ಕದಲ್ಲಿದ್ದ ಅವರ ಹೆಂಡತಿ, ಹಿಂದಿನ ಸಲ ಇದೇ ಮದ್ದಿಗೆ ಇವರ ಉಸಿರು ಕಟ್ಟಿತ್ತು ಎಂದು ಕೈ ಹಿಡಿದು ತಡೆದರಂತೆ.

ಆ ಹೆಂಗಸು ಆ ಹೊತ್ತಿಗೆ ಚಹಾ ಕುಡಿಯಲು ಕೆಳಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.