ತವರಿನ ಸೀರೆ ಮತ್ತು ಬ್ಯಾಂಕಿನ ಅನುಮಾನ

ನನ್ನ ಕಾರ್ಡನ್ನು ಯಾವ ಕಳ್ಳನೂ ಮುಟ್ಟಿರಲಿಲ್ಲ. ಬ್ಯಾಂಕಿನವರು ಕಲಿಸಿದ ಪಾಠವನ್ನು ನಾನು ಸರಿಯಾಗಿ ಕಲಿತೆ, ಅದಕ್ಕೇ ಅದು ಉಡುಪಿಯ ಸೀರೆ ಅಂಗಡಿಯಲ್ಲಿ ಕೈಕೊಟ್ಟಿತು. ಉಳಿದವರು ಏನೇ ಹೇಳಲಿ, ನಡೆದದ್ದು ಇಷ್ಟೆ.

ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಹಾಗಾಗಿ ಯಾರಾದರೂ ಪಾಠ ಹೇಳಿದರೆ ಈಗಲೂ ಕಿವಿಗೊಟ್ಟು ಕೇಳುತ್ತೇನೆ. ಕಾಪುವಿನಲ್ಲಿ ನಮ್ಮ ಸ್ವಸಹಾಯ ಸಂಘದ ಸಭೆಗೆ ಬ್ಯಾಂಕಿನ ಹುಡುಗಿಯೊಬ್ಬಳು ಬಂದು, "ಬ್ಯಾಂಕಿನಿಂದ ಅಂತ ಯಾರಾದರೂ ಫೋನ್ ಮಾಡಿದರೆ ನಂಬಬೇಡಿ, ಎಂತದೂ ಹೇಳಬೇಡಿ, ಕಟ್ ಮಾಡಿ" ಎಂದಿದ್ದಳು. ಉಳಿದವರು ಚಹಾ ಕುಡಿದು ಮರೆತರು. ನಾನು ಮರೆಯಲಿಲ್ಲ. ಕಟ್ ಮಾಡುವ ಮೊದಲು ಬಯ್ಯಲು ಅವಳು ಹೇಳಿರಲಿಲ್ಲ. ಅದು ನನ್ನ ಸೇರ್ಪಡೆ.

ಮೊಮ್ಮಗಳ ಸೀಮಂತ ಮರುದಿನ ಮಧ್ಯಾಹ್ನ, ಕಾರ್ಕಳದ ಗಂಡನ ಮನೆಯಲ್ಲಿ. ತವರಿನ ಹಸಿರು ಸೀರೆಯನ್ನು ಮನೆಯ ಹಿರಿಯ ಹೆಂಗಸು ತನ್ನ ದುಡ್ಡಿನಲ್ಲಿಯೇ ತಂದು ಕೊಡಬೇಕು. ನಮ್ಮಲ್ಲಿ ಹಾಗೆ. ಮಲ್ಲಿಗೆ ಮಾರಿದ ನನ್ನ ಹಣ ಬ್ಯಾಂಕಿನಲ್ಲಿತ್ತು. ಅದರ ಕಾರ್ಡು ಕಪಾಟಿನಲ್ಲಿ ನುಸಿಗುಳಿಗೆಯ ಜೊತೆ ಮಲಗಿತ್ತು. ಅಂದು ಮೊದಲ ಬಾರಿಗೆ ಅದನ್ನು ಹೊರಗೆ ಕರೆದುಕೊಂಡು ಹೋದೆ. ಕಾಪುವಿನಲ್ಲಿ ಸಿಹಿತಿಂಡಿ ಕೊಂಡೆ. ಮಣಿಪಾಲದಲ್ಲಿ ಬಳೆ ಕೊಂಡೆ. ಮೊಮ್ಮಗಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಅಲ್ಲಿಯೇ ಜೊತೆಗೂಡಿದಳು. ಸೀರೆಯ ಬಣ್ಣ ಅವಳೂ ನೋಡಬೇಕಂತೆ.

ಬಳೆ ಅಂಗಡಿಯಿಂದ ಹೊರಬರುವಾಗ ಫೋನ್ ಬಂತು. "ಅಮ್ಮಾ, ಬ್ಯಾಂಕಿನಿಂದ ಮಾತಾಡ್ತಿರೋದು. ಈಗ ಕಾರ್ಡು ಉಪಯೋಗಿಸಿದ್ದು ನೀವೇನಾ ಅಂತ..."

"ಕಳ್ಳಾ, ದುಡಿದು ತಿನ್ನಲಿಕ್ಕೆ ಎಂತ ರೋಗ ನಿನಗೆ?" ಎಂದು ಕಟ್ ಮಾಡಿದೆ. ಮತ್ತೆ ಬಂತು, ಮತ್ತೆ ಬೈದೆ. ಬೀಗಿತ್ತಿ ಮೆಚ್ಚಿ ನೋಡಿದಳು.

ಉಡುಪಿಯಲ್ಲಿ ಒಳ್ಳೆಯ ಹಸಿರು ಸೀರೆಯೊಂದನ್ನು ಆರಿಸಿದೆವು. ಅಂಗಡಿಯವನು ಕಾರ್ಡು ಉಜ್ಜಿದ. ಯಂತ್ರ ಕಿರುಚಿತು. ಮತ್ತೊಮ್ಮೆ ಉಜ್ಜಿದ, ಮತ್ತೊಮ್ಮೆ ಕಿರುಚಿತು.

"ಡಿಕ್ಲೈನ್ ಅಂತ ಬರ್ತದೆ ಅಮ್ಮ" ಎಂದು ಎದುರಿನ ಬಸ್ಸಿನವರಿಗೂ ಕೇಳುವಂತೆ ಹೇಳಿದ.

ಬೀಗಿತ್ತಿ ತನ್ನ ಕಾರ್ಡು ತೆಗೆದಳು. "ಇರಲಿ ಬಿಡಿ ಅಮ್ಮ, ನಾನೇ ಕೊಡ್ತೇನೆ. ಯಾರು ಕೊಟ್ಟರೆ ಎಂತ, ಉಡುವುದು ನನ್ನ ಸೊಸೆಯೇ ಅಲ್ವಾ?"

ತವರಿನ ಸೀರೆಗೆ ಗಂಡನ ಮನೆಯ ದುಡ್ಡು! ಆ ಮಗು ಹುಟ್ಟಿ, ಬೆಳೆದು, ಮದುವೆಯಾಗುವಾಗಲೂ ಇವಳು ಈ ಕಥೆಯನ್ನು ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದಳು.

"ನಿನ್ನದು ನಿನ್ನ ಚೀಲದಲ್ಲೇ ಇರಲಿ" ಎಂದೆ.

ಅಂಗಡಿಯವನೇ ಕಾರ್ಡಿನ ಬೆನ್ನಿನ ನಂಬರಿಗೆ ಫೋನ್ ಹಚ್ಚಿ ಕೊಟ್ಟ. ಬ್ಯಾಂಕಿನ ಹುಡುಗ ಬಹಳ ಮರ್ಯಾದೆಯಿಂದ ಹುಟ್ಟಿದ ದಿನ ಕೇಳಿದ.

"ಆಟಿ ತಿಂಗಳು, ಅಮಾವಾಸ್ಯೆಯ ಮರುದಿನ. ಜೋರು ಮಳೆ ಇತ್ತಂತೆ."

"ತಾರೀಕು ಹೇಳಿ ಅಮ್ಮ."

ಆಧಾರಿನಲ್ಲಿ ಯಾರೋ ಬರೆದ ತಾರೀಕು ನನಗೆ ಹೇಗೆ ಗೊತ್ತಿರಬೇಕು? ಆಮೇಲೆ ತಾಯಿಯ ಮದುವೆಗೆ ಮುಂಚಿನ ಹೆಸರು ಕೇಳಿದ.

"ಮುಂಚೆಯೂ ಅದೇ, ಆಮೇಲೆಯೂ ಅದೇ. ನಮ್ಮಲ್ಲಿ ಗಂಡ ಬಂದ ಅಂತ ಹೆಂಗಸರು ಹೆಸರು ಬಿಡುವುದಿಲ್ಲ ಮಾರಾಯ."

"ಕ್ಷಮಿಸಿ, ನೀವು ನೀವೇ ಅಂತ ಖಾತ್ರಿಯಾಗ್ತಿಲ್ಲ. ನಿಮ್ಮ ಕಾರ್ಡಿನ ಸುರಕ್ಷತೆಗಾಗಿಯೇ ತಡೆದಿದ್ದೇವೆ. ನಾಳೆ ಶಾಖೆಗೆ ಹೋಗಿ."

ನನ್ನ ದುಡ್ಡನ್ನು ನನ್ನಿಂದಲೇ ಕಾಪಾಡಿದರು! ಸೀರೆಯನ್ನು ತೆಗೆದಿಡಲು ಅಂಗಡಿಯವನಿಗೆ ಹೇಳಿ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಮಲ್ಲಿಗೆ ಕೊಯ್ದು, ಬಾಡಿಗೆಗೆ ಕಾರು ಮಾಡಿ, ಕಾಪುವಿನ ಶಾಖೆಯ ಬಾಗಿಲು ತೆರೆಯುವ ಮೊದಲೇ ನಿಂತೆ. ಪಾಠ ಹೇಳಿದ ಹುಡುಗಿಯೇ ಬಂದಳು.

"ಅಜ್ಜೀ, ನಿಜವಾದ ಬ್ಯಾಂಕಿನವರು ಫೋನ್ ಮಾಡಿದರೆ ಉತ್ತರ ಕೊಡಬೇಕಿತ್ತು ಅಲ್ವಾ?"

"ಕಳ್ಳ ಫೋನ್ ಮಾಡಿದರೆ ಕಳ್ಳ ಅಂತ ಹೇಳಿ ಮಾಡ್ತಾನಾ ಮಗಾ?"

ಅವಳು ಪಾಸ್‌ಬುಕ್ ತೆಗೆದುಕೊಂಡು ಹಣ ಕೊಡಿಸಿದಳು. ನನ್ನ ಮುಖ ನೋಡಿ ನಾನೇ ಎಂದು ಒಪ್ಪಿದ ಒಬ್ಬಳಾದರೂ ಆ ಬ್ಯಾಂಕಿನಲ್ಲಿ ಇದ್ದಳು. ಉಡುಪಿಗೆ ಹೋಗಿ ಸೀರೆ ಬಿಡಿಸಿಕೊಂಡು ನೇರ ಕಾರ್ಕಳಕ್ಕೆ ಹೋದೆ. ಮುಹೂರ್ತಕ್ಕೆ ಮೊದಲೇ ಸೀರೆಯನ್ನು ತಟ್ಟೆಯಲ್ಲಿಟ್ಟು, ಅದರ ಮೇಲೆ ಮಲ್ಲಿಗೆ ಇಟ್ಟು, ಮಲ್ಲಿಗೆಯ ಪಕ್ಕದಲ್ಲಿ ಅಂಗಡಿಯ ಬಿಲ್ಲನ್ನೂ ಬೀಗಿತ್ತಿಗೆ ಕಾಣುವ ಹಾಗೆ ಬಿಡಿಸಿಟ್ಟೆ.